ಬಂದವರ ಲೆಕ್ಕದ ಚಹಾ

ನರ್ಸಿಂಗ್ ಕಲಿಸುವುದು ನನ್ನ ಕೆಲಸ, ಊರು ಶಿಕಾರಿಪುರ. ಬಿ.ಪಿ. ನೋಡುವುದು, ಸೂಜಿ ಚುಚ್ಚುವುದು, ರೋಗಿ ಮಲಗಿರುವಾಗಲೇ ಹಾಸಿಗೆಯ ಬಟ್ಟೆ ಬದಲಾಯಿಸುವುದು, ದೊಡ್ಡ ಡಾಕ್ಟರು ಗದರಿದಾಗ ಅಳದೆ ನಿಲ್ಲುವುದು, ಇಷ್ಟನ್ನು ಹುಡುಗಿಯರಿಗೆ ಹೇಳಿಕೊಡುತ್ತಲೇ ನನ್ನ ತಲೆ ನೆರೆತಿದೆ. ರೋಗಿಗೆ ತೊಂದರೆಯಾಗುತ್ತದೆ ಅನ್ನಿಸಿದರೆ ಎದುರಿಗೆ ಯಾರೇ ಇರಲಿ, ಬಾಯಿ ಬಿಟ್ಟು ಹೇಳಿ ಎಂದು ಪ್ರತಿ ವರ್ಷವೂ ಹೊಸ ಬ್ಯಾಚಿಗೆ ಹೇಳುತ್ತೇನೆ. ಹುಡುಗಿಯರು ತಲೆಯಾಡಿಸುತ್ತಾರೆ. ಪರೀಕ್ಷೆಗೆ ಬರುತ್ತದೋ ಏನೋ ಎಂದು ಒಬ್ಬಿಬ್ಬರು ಬರೆದುಕೊಳ್ಳುವುದೂ ಉಂಟು.

ಈಚೆಗೆ ಮೇಲಿನವರಿಗೆ ಒಂದು ಹುರುಪು ಬಂತು. ಮುಂದೆ ಆಸ್ಪತ್ರೆಯಲ್ಲಿ ಒಟ್ಟಿಗೆ ದುಡಿಯುವವರು ಕಲಿಯುವಾಗಲೂ ಒಟ್ಟಿಗೇ ಕಲಿಯಲಿ ಎಂದು. ಹೌಸ್ ಸರ್ಜನ್ ಹುಡುಗ ಒಬ್ಬ, ಫಿಸಿಯೋಥೆರಪಿಯ ಹುಡುಗಿ ಒಬ್ಬಳು, ಫಾರ್ಮಸಿಯ ಹುಡುಗ ಒಬ್ಬ, ನಮ್ಮಲ್ಲಿಂದ ನರ್ಸಿಂಗ್ ಕೊನೆಯ ವರ್ಷದ ಹುಡುಗಿ ಒಬ್ಬಳು. ಈ ನಾಲ್ವರೂ ಬೇಸಿಗೆಯಲ್ಲಿ ಸೊರಬದಲ್ಲಿ ಉಳಿದು, ಜಡೆಗೆ ಹೋಗುವ ಬಸ್ಸಿನ ದಾರಿಯಲ್ಲಿ ಸಿಗುವ ಒಂದು ಹಳ್ಳಿಯ ಒಬ್ಬ ರೋಗಿಯನ್ನು ಸೇರಿ ನೋಡಿಕೊಳ್ಳಬೇಕು. ಮೇಲ್ವಿಚಾರಣೆಗೆ ಯಾರು ಎಂದಾಗ ಎಲ್ಲರೂ ನನ್ನ ಮುಖ ನೋಡಿದರು. "ನೀವು ಆ ಕಡೆಯವರೇ ಅಲ್ವಾ ಮೇಡಂ" ಎಂದರು. ನನ್ನ ತವರು ತೊಗರ್ಸಿ. ಅಲ್ಲಿಂದ ಸೊರಬದ ದಾರಿ ಬೇರೆ, ಮಾತು ಬೇರೆ, ಸಾರಿನ ರುಚಿಯೂ ಬೇರೆ. ಆದರೆ ಮೀಟಿಂಗಿನಲ್ಲಿ ಕೂತವರಿಗೆ ಎಲ್ಲವೂ 'ಆ ಕಡೆ'ಯೇ.

ಒಟ್ಟಿಗೆ ಕಲಿಯುವುದೆಂದರೆ ಒಟ್ಟಿಗೆ ಹೋಗುವುದು ಎಂದು ನಾನು ತಿಳಿದಿದ್ದೆ. ಆದರೆ ನಾಲ್ಕು ಕಾಲೇಜುಗಳ ವೇಳಾಪಟ್ಟಿಯನ್ನು ಒಂದು ಮಾಡುವುದಕ್ಕಿಂತ ನಾಲ್ಕು ಎಮ್ಮೆಗಳನ್ನು ಒಂದೇ ಗೂಟಕ್ಕೆ ಕಟ್ಟುವುದು ಸಲೀಸು. ನಮ್ಮವಳ ಡ್ಯೂಟಿ ಬೆಳಗಿನದು, ಫಿಸಿಯೋ ಹುಡುಗಿಯದು ಬಿಸಿಲೇರಿದ ಮೇಲೆ, ಫಾರ್ಮಸಿಯವನದು ಮಧ್ಯಾಹ್ನ, ಡಾಕ್ಟರ್ ಹುಡುಗ ಆರೋಗ್ಯ ಕೇಂದ್ರದ ಕೆಲಸ ಮುಗಿಸಿ ಬರುವುದು ಸಂಜೆ. ನಾನು ಫೋನು ಮಾಡಿದೆ, ಹೋಗಿ ಮಾತಾಡಿದೆ, ಜಗಳವನ್ನೂ ಆಡಿದೆ. ಎಲ್ಲರೂ ಗೌರವದಿಂದಲೇ "ನೋಡೋಣ ಮೇಡಂ" ಎಂದರು. ನೋಡೋಣ ಎಂದರೆ ಆಗುವುದಿಲ್ಲ ಎಂದರ್ಥ ಎಂಬುದು ಸರ್ಕಾರಿ ಕಚೇರಿಗೆ ಒಮ್ಮೆ ಹೋಗಿಬಂದವರಿಗೂ ಗೊತ್ತು. ಹೀಗೆ ಒಟ್ಟಿಗೆ ಕಲಿಯಲು ಬಂದ ನಾಲ್ವರು ದಿನವೂ ಒಂದೇ ಮನೆಗೆ ಬೇರೆ ಬೇರೆ ಹೊತ್ತಿಗೆ ಹೋಗತೊಡಗಿದರು. ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದರು, ಅದರಲ್ಲಿ ಬೆಳಿಗ್ಗೆ ಹೂವಿನ ಚಿತ್ರದ ಜೊತೆ ಶುಭೋದಯ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಮಕ್ಕಳು ಕೆಟ್ಟವರಲ್ಲ. ಆದರೆ ಡಾಕ್ಟರ್ ಹುಡುಗ ಸ್ಟೆತಾಸ್ಕೋಪನ್ನು ಬಸ್ಸಿನಲ್ಲೂ ಕೊರಳಿನಿಂದ ತೆಗೆಯುತ್ತಿರಲಿಲ್ಲ. ಫಿಸಿಯೋ ಹುಡುಗಿಯನ್ನು ಯಾರೋ 'ಮಸಾಜಿನವರು' ಅಂದಿದ್ದರಂತೆ, ಅಂದಿನಿಂದ ಅವಳ ಮೂಗಿನ ತುದಿಯಲ್ಲೇ ಕೋಪ. ಫಾರ್ಮಸಿಯವನು ತನ್ನನ್ನು ಮೆಡಿಕಲ್ ಶಾಪಿನ ಹುಡುಗ ಅಂದುಕೊಂಡಾರೆಂದು ಮಾತಿಗೊಮ್ಮೆ ದೊಡ್ಡ ದೊಡ್ಡ ಔಷಧಿಗಳ ಹೆಸರು ಉದುರಿಸುತ್ತಿದ್ದ. ನಮ್ಮವಳು ಉಡುತಡಿ ಕಡೆಯವಳು, ಕೆಲಸದಲ್ಲಿ ಚುರುಕು, ನನ್ನ ಹತ್ತಿರ ಸಲಿಗೆ. ಆ ಮೂವರು ಮಾತಾಡುವಾಗ ಮಾತ್ರ ಹಿಂದೆ ಸರಿದು ನಿಲ್ಲುತ್ತಿದ್ದಳು. ನಾಚಿಕೆ ಇರಬೇಕು ಎಂದುಕೊಂಡಿದ್ದೆ.

ರೋಗಿ ಗಾರೆ ಕೆಲಸದವರು. ಐವತ್ತು ದಾಟಿದ ಎತ್ತರದ ಆಳು. ಹೃದಯ ದುರ್ಬಲವಾಗಿ ಹಿಗ್ಗಿಕೊಂಡಿತ್ತು. ಒಳಗೆ ಹೋದ ನೀರು ಸರಿಯಾಗಿ ಹೊರಗೆ ಹೋಗದೆ ಕಾಲಿನಲ್ಲಿ, ಎದೆಯಲ್ಲಿ ನಿಲ್ಲುತ್ತಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟುವುದರಿಂದ ಗೋಡೆಗೆ ಒರಗಿ ಕೂತೇ ನಿದ್ದೆ. ಮೊದಲ ದಿನ ಡಾಕ್ಟರ್ ಹುಡುಗ ಪುಸ್ತಕದಲ್ಲಿದ್ದಂತೆ, ನಿಮ್ಮ ಮುಖ್ಯ ತೊಂದರೆ ಏನು ಎಂದು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು. "ಬೆನ್ನು ನೆಲಕ್ಕೆ ಹಚ್ಚಿ ಮಲಗ್ಬೇಕು ಡಾಕ್ಟ್ರೇ, ಮತ್ತೆಂತದೂ ಬ್ಯಾಡ." ನಮ್ಮ ಈ ಎಲ್ಲ ಸಂಭ್ರಮ ಅಷ್ಟಕ್ಕಾಗಿಯೇ ಇತ್ತು. ಆ ಮನುಷ್ಯ ಮಲಗಿ ನಿದ್ದೆ ಮಾಡಬೇಕು.

ಅದಕ್ಕೆ ಮಾತ್ರೆ ತಪ್ಪಬಾರದು, ಉಪ್ಪು ಕಡಿಮೆಯಾಗಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೀರಿಗೆ ಕಡಿವಾಣ ಹಾಕಬೇಕು. ದಿನಕ್ಕೆ ಇಷ್ಟೇ ಎಂದು ನಮ್ಮ ಹುಡುಗಿ ಅವರ ಮನೆಯ ಚೊಂಬೊಂದನ್ನೇ ಅಳತೆಗೆ ಗೊತ್ತು ಮಾಡಿಕೊಟ್ಟಳು. ಹೆಂಡತಿ ಬೆಳಿಗ್ಗೆ ಎದ್ದು ಅದನ್ನು ತುಂಬಿ, ಮೇಲೆ ತಟ್ಟೆ ಮುಚ್ಚಿ, ದೇವರ ಗೂಡಿನ ಪಕ್ಕದಲ್ಲಿ ಇಡುತ್ತಿದ್ದರು. ಗಂಡ ಕುಡಿಯುವುದೆಲ್ಲ ಅದರಿಂದಲೇ. ಆ ಹೆಂಗಸು ಅದನ್ನು ವ್ರತ ಹಿಡಿದವರಂತೆ ನಡೆಸಿಕೊಂಡು ಬಂದರು.

ಮನೆ ಇದ್ದದ್ದು ಊರಿನ ಆಚೆಯ ಕಾಲೋನಿಯಲ್ಲಿ. ಕಾಲೋನಿ ಎಂದರೆ ಯಾರ ಕೇರಿ ಎಂದು ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ಊರೊಳಗಿನ ಎಷ್ಟೋ ಮನೆಗಳ ಅಡುಗೆ ಕಟ್ಟೆಯನ್ನು ಕಟ್ಟಿದ ಕೈ ಅವರದು, ಗೃಹಪ್ರವೇಶವಾದ ಮೇಲೆ ಆ ಅಡುಗೆ ಮನೆಗಳಿಗೆ ಅವರು ಕಾಲಿಟ್ಟಿಲ್ಲ. ತಮ್ಮ ಮನೆಯನ್ನು ಮಾತ್ರ ಮನಸ್ಸಿಟ್ಟು ಕಟ್ಟಿಕೊಂಡಿದ್ದರು. ಮುಖ ಕಾಣುವಂಥ ರೆಡ್ ಆಕ್ಸೈಡ್ ನೆಲ, ಗೋಡೆಯುದ್ದಕ್ಕೂ ಕೂರಲು ಸಿಮೆಂಟಿನ ಕಟ್ಟೆ. "ಬಂದೋರು ಕೂರ್ಲಿ ಅಂತ ಹಾಕ್ದೆ" ಎಂದು ಅದನ್ನು ಸವರಿ ತೋರಿಸಿದರು. ಗೋಡೆಯ ಗೂಡಿನಲ್ಲಿ ಸ್ಟೀಲಿನ ಲೋಟಗಳು ಸಾಲಾಗಿದ್ದವು. ಅಂಗಡಿಯ ಚೀಟಿ ಇನ್ನೂ ಅವುಗಳ ಮೇಲೆ ಅಂಟಿಕೊಂಡೇ ಇತ್ತು.

ಆ ಮೊದಲ ದಿನ ಪರಿಚಯಕ್ಕೆಂದು ಡಾಕ್ಟರ್ ಹುಡುಗ, ನಮ್ಮ ಹುಡುಗಿ ಇಬ್ಬರೇ ಬಂದಿದ್ದರು, ನಾನೂ ಜೊತೆಯಲ್ಲಿದ್ದೆ. ತೂಕ ನೋಡಿ, ಮಾತಾಡಿ, ಇನ್ನೇನು ಏಳಬೇಕು ಅನ್ನುವಾಗ ನಮ್ಮ ಹುಡುಗಿ ಒಳಗಿನ ಬಾಗಿಲ ಕಡೆ ತಿರುಗಿ, "ಏನಕ್ಕಾ, ಮನೀಗೆ ಬಂದೋರಿಗೆ ಒಂದು ಚಾನೂ ಇಲ್ಲೇನು?" ಎಂದುಬಿಟ್ಟಳು. ನಾನು ಕಣ್ಣು ಬಿಟ್ಟೆ. ಹೋದ ಮನೆಯಲ್ಲಿ ಕೇಳಿ ಕುಡಿಯುವುದೇ! ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಆಕೆ ಬೆಲ್ಲ ನೀರು ತಂದರು, ಆಮೇಲೆ ಚೀಟಿ ಕಿತ್ತ ಲೋಟಗಳಲ್ಲಿ ಚಹಾ. ಗಂಡ ಹೆಂಡತಿಗೆ, "ನಂಗೂ ಹಾಕು. ಬಂದೋರು ಅವ್ರಷ್ಟಕ್ಕೇ ಕುಡಿಯದು ಎಂತ ಚಂದ?" ಎಂದರು. ಅವರ ಮುಖದಲ್ಲಿ ಆಗ ಇದ್ದ ಬೆಳಕನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟೆತ್ತರದ ಮನುಷ್ಯ ಮದುವೆ ಮನೆಯ ಯಜಮಾನನ ಹಾಗೆ ಲೋಟ ಹಿಡಿದು ಕೂತಿದ್ದರು.

ದಿನಗಳು ಕಳೆದವು, ಕಾಲಿನ ಬಾವು ಇಳಿಯಲಿಲ್ಲ, ಏರಿತು. ನಾನು ನಾಲ್ವರನ್ನೂ ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಕೂರಿಸಿದೆ. ಅದು ಅವರ ಮೊದಲ ನಿಜವಾದ ಸಭೆ. ಮಾತ್ರೆ ಸರಿಯಾಗಿ ತಗೊಳ್ತಿಲ್ಲ, ಅದಕ್ಕೇ ಎಂದ ಡಾಕ್ಟರ್ ಹುಡುಗ. ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನು ನಾನೇ ನೋಡಿದ್ದೇನೆ, ಮಾತ್ರೆಯ ಪ್ರಮಾಣವೇ ಸಾಲದು ಎಂದ ಫಾರ್ಮಸಿಯವನು. ಕಾಲು ಹೀಗೆ ಊದಿದ್ದರೆ ನಾನು ಏನನ್ನು ನಡೆಸಲಿ ಎಂದು ಫಿಸಿಯೋ ಹುಡುಗಿ ಸಿಡುಕಿದಳು. ನೀರಿನ ಉಸ್ತುವಾರಿ ನರ್ಸಿಂಗಿನವರದಲ್ಲವೇ ಎಂದು ಮೂವರೂ ನಮ್ಮವಳ ಕಡೆ ತಿರುಗಿದರು. ಅವಳು "ನೀವು ಹೋದಾಗ ಚಾ ಕುಡೀತೀರೇನು?" ಎಂದು ಮೆಲ್ಲಗೆ ಕೇಳಿದಳು.

ಕುಡಿಯುತ್ತಿದ್ದರು. ಎಲ್ಲರೂ ಕುಡಿಯುತ್ತಿದ್ದರು. ಬೆಲ್ಲ ನೀರು, ಚಹಾ, ಬಿಸಿಲು ಜೋರಿದ್ದರೆ ಹೊರಡುವಾಗ ಮಜ್ಜಿಗೆ. ಪ್ರತಿಯೊಬ್ಬರ ಜೊತೆಯಲ್ಲೂ ಅವರು ಕೂತು ಕುಡಿಯುತ್ತಿದ್ದರು. ಒಂದು ಲೋಟ ತಾನೇ, ಪಾಪ, ಎಂದು ಪ್ರತಿಯೊಬ್ಬರೂ ಸುಮ್ಮನಿದ್ದರು. ಉಳಿದವರೂ ಹಾಗೆಯೇ ಸುಮ್ಮನಿದ್ದಾರೆಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮವಳು ಅಲ್ಲಿಂದಲೇ ಆ ಹೆಂಗಸಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. "ಅಕ್ಕಾ, ಚಾನೂ ಚೊಂಬಿನ ನೀರಾಗೇ ಮಾಡ್ತೀರಿ ಅಲ್ಲ?"

"ಅದ್ಯಾಕೆ ಅದ್ರಾಗೆ ಮಾಡ್ಲಿ ಮಗಾ? ಚೊಂಬಿಂದು ಅವ್ರ ಲೆಕ್ಕ. ಚಾ ಬಂದೋರ ಲೆಕ್ಕದ್ದು."

ನಾಲ್ವರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ರೋಗಿಯ ಕಾಲು ಊದಿಸುತ್ತಿದ್ದವರು ರೋಗಿಯನ್ನು ನೋಡಿಕೊಳ್ಳಲು ಹೋದ ನಾವೇ. ಡಾಕ್ಟರ್ ಹುಡುಗ ಕಣ್ಣೊರೆಸಿಕೊಳ್ಳುತ್ತಾ ನಮ್ಮ ಹುಡುಗಿಗೆ "ಸೂಪರ್ ಸಿಸ್ಟರ್" ಎಂದ. ಫಿಸಿಯೋ ಹುಡುಗಿ ತನ್ನ ಡಬ್ಬಿಯ ಚಕ್ಕುಲಿಯನ್ನು ಎಲ್ಲರ ಮುಂದೆ ಹಿಡಿದಳು. ಅಷ್ಟರಲ್ಲಿ ಕಾಲೇಜಿನಿಂದ ಫೋನು ಬಂದು ನಾನು ಎದ್ದು ಅಂಗಳಕ್ಕೆ ಹೋದೆ. ತಿರುಗಿ ಬರುವ ಹೊತ್ತಿಗೆ ನಾಲ್ವರೂ ಒಂದು ಮಾತಿಗೆ ಬಂದಿದ್ದರು. ನಾಳೆ ಎಲ್ಲರೂ ಕೂಡಿಯೇ ಹೋಗುವುದು. ಇನ್ನು ಮೇಲೆ ಆ ಮನೆಯಲ್ಲಿ ಯಾರೂ ಏನನ್ನೂ ಕುಡಿಯುವುದಿಲ್ಲ. ನಾಲ್ವರು ಸೇರಿ ಒಂದು ತೀರ್ಮಾನ ಮಾಡಿದ್ದರು, ಅದೂ ವೈದ್ಯದ ಲೆಕ್ಕದಲ್ಲಿ ಸರಿಯಾದ ತೀರ್ಮಾನ. ನಾನು ಭೇಷ್ ಎಂದೆ. ಒಂದು ದಿನದ ಮಟ್ಟಿಗೆ ನಾಲ್ಕು ಕಾಲೇಜಿಗೂ ಫೋನು ಮಾಡಿ ಒಪ್ಪಿಗೆ ತೆಗೆದುಕೊಂಡೆ. ಆ ಸಂಜೆಯಷ್ಟು ಖುಷಿಯಾಗಿ ನಾನು ಶಿಕಾರಿಪುರದ ಬಸ್ಸು ಹತ್ತಿದ್ದು ನೆನಪಿಲ್ಲ.

ಮರುದಿನ ನಮ್ಮನ್ನು ಒಟ್ಟಿಗೆ ಕಂಡು ಅವರಿಗೆ ಹಿಗ್ಗೋ ಹಿಗ್ಗು. ಅಷ್ಟು ಜನ ಕೂತದ್ದಕ್ಕೆ ಸಿಮೆಂಟಿನ ಕಟ್ಟೆ ಮೊದಲ ಸಲ ತುಂಬಿತ್ತು. ಉಸಿರು ಎಳೆಯುತ್ತಲೇ ಹೆಂಡತಿಯನ್ನು ಕೂಗಿದರು. ಆಕೆ ಬೆಲ್ಲ ನೀರಿನ ತಟ್ಟೆ ಹಿಡಿದು ಬಂದರು. ಡಾಕ್ಟರ್ ಹುಡುಗ ಕೈಯೆತ್ತಿ, ನಗುತ್ತಾ, "ಅಯ್ಯೋ ಬೇಡಮ್ಮ, ಈಗಷ್ಟೇ ಕುಡಿದು ಬಂದ್ವಿ" ಎಂದ. ಫಿಸಿಯೋ ಹುಡುಗಿ, "ಹೌದಮ್ಮ, ಈಗಷ್ಟೇ ಆಯ್ತು." ಫಾರ್ಮಸಿಯವನು ಹೊಟ್ಟೆ ಮುಟ್ಟಿಕೊಂಡು ತೋರಿಸಿದ. ನಮ್ಮ ಹುಡುಗಿ ನೆಲ ನೋಡುತ್ತಾ, "ಬ್ಯಾಡಕ್ಕ" ಎಂದಳು.

ನಮ್ಮಪ್ಪ ಕೂಲಿಗೆ ಆಳು ಕರೆಯಲು ಇಂಥ ಕೇರಿಗೆ ಹೋದಾಗ, ಯಾರಾದರೂ ನೀರು ತಂದರೆ, ಇದೇ ನಗೆ ನಕ್ಕು ಇದೇ ಮಾತು ಆಡುತ್ತಿದ್ದರು. ಎಲ್ಲರ ಅಪ್ಪಂದಿರೂ ಆಡುತ್ತಿದ್ದರು. ಬಯ್ಯದೆ, ನೋಯಿಸದೆ, ಮೆತ್ತಗೆ ದೂರ ಇಡುವ ರೀತಿ ಅದು. ಆ ಮನುಷ್ಯ ಹುಟ್ಟಿದಂದಿನಿಂದ ಅದನ್ನು ಕೇಳಿಸಿಕೊಂಡೇ ಬಂದಿದ್ದರು. ಪಾಪದ ಹುಡುಗರಿಗೆ ಏನು ಗೊತ್ತು? ನಿಮ್ಮ ಚಹಾದಿಂದಲೇ ಕಾಲು ಊದಿದ್ದು ಎಂದು ಹೇಳಿದರೆ ಅವರು ನೊಂದುಕೊಳ್ಳುತ್ತಾರೆ, ಈಗಷ್ಟೇ ಕುಡಿದು ಬಂದ್ವಿ ಎಂದು ನಮ್ಮ ಮೇಲೆಯೇ ಹಾಕಿಕೊಳ್ಳೋಣ ಎಂದು ಹಿಂದಿನ ದಿನ ಡಾಕ್ಟರ್ ಹುಡುಗ ಹೇಳಿದ್ದನಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

"ನನಗೆ ಕೊಡಿ, ನಾನು ಕುಡೀತೀನಿ" ಎಂದು ನಾನು ಕೈ ಚಾಚಿದೆ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

"ಬ್ಯಾಡ ಬಿಡಿ ಮೇಡಂ" ಎಂದರು ಅವರು. "ಬಲವಂತಕ್ಕೆ ಕುಡೀಬಾರ್ದು."

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಚೊಂಬು, ಚಹಾ, ಎದೆಯಲ್ಲಿ ನಿಲ್ಲುವ ನೀರು, ನಿನ್ನೆಯ ಸಭೆ. ಹುಡುಗರು ಗಾಬರಿಯಾಗಿ ಹೌದು ಹೌದು ಎಂದರು. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. ಆಮೇಲೆ ಹೆಂಡತಿಗೆ, "ಒಳಗಿಡು" ಎಂದರು. ನನಗೆ ಹೇಳಿದ್ದು ಇಷ್ಟು: "ಇಷ್ಟು ದಿನ ಕುಡಿದೋರು ಇವತ್ತು ಎಲ್ಲಾ ಒಟ್ಟಿಗೆ ಬ್ಯಾಡ ಅಂತೀರಿ. ಊರೋರು ಯಾರೋ ಹೇಳಿರ್ಬೇಕು. ಅದ್ರಾಗೆ ನಿಮ್ದೆಂತ ತಪ್ಪು ಮೇಡಂ, ಬಿಡಿ." ಕೋಪವಿಲ್ಲ, ಏನಿಲ್ಲ. ನಮಗೆ ಸಮಾಧಾನ ಹೇಳುತ್ತಿದ್ದವರು ಅವರು. ಆಮೇಲೆ ಕಾಲು ಚಾಚಿ ತೋರಿಸಿದರು, ತೂಕದ ಯಂತ್ರದ ಮೇಲೆ ನಿಂತರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ನಾನು ಏನು ಹೇಳಿದ್ದರೂ ಅದು ನೆಪದ ಹಾಗೆಯೇ ಕೇಳಿಸುತ್ತಿತ್ತು. ಅಂಥ ನೆಪಗಳನ್ನು ಕಟ್ಟುವುದರಲ್ಲಿ ನನ್ನಂಥವರ ಮನೆಗಳು ಪಳಗಿದ್ದವಲ್ಲ.

ಆರೋಗ್ಯ ಕೇಂದ್ರದ ಜೀಪಿನಲ್ಲಿ ಸೊರಬಕ್ಕೆ ಮರಳಿದೆವು. ಇಳಿಯುವಾಗ ನಮ್ಮ ಹುಡುಗಿ ಹಿಂದೆ ಉಳಿದಳು.

"ನಂಗೊತ್ತಿತ್ರೀ ಮೇಡಂ" ಎಂದಳು. "ಅವ್ರು ಹಂಗನ್ನೋಣ ಅಂದಾಗ್ಲೇ ಗೊತ್ತಾತು. ನಮ್ಮನ್ಯಾಗೂ ಹಂಗೇ ಅಂತಾರಲ್ಲ, ಬಂದೋರು."

ಮೂರು ವರ್ಷ ನನ್ನ ಕಣ್ಣೆದುರಿಗೆ ಓಡಾಡಿದ ಹುಡುಗಿ. ಅವಳು ಆ ಮೊದಲ ದಿನ ಬಾಯಿ ಬಿಟ್ಟು ಚಹಾ ಕೇಳಿದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

"ಮತ್ತೆ ಅಲ್ಲೇ ಹೇಳಬಾರದಿತ್ತಾ? ನಾನು ವರ್ಷವಿಡೀ ಹೇಳಿಕೊಟ್ಟಿದ್ದೇನು?"

"ಹೇಳಿದ್ರೆ, ನಿಂಗ ಹೆಂಗ ಗೊತ್ತು ಅಂತಿದ್ರು." ಸೆರಗಿಲ್ಲದ ಯೂನಿಫಾರ್ಮಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಮೊದಲ್ನೇ ಸಲ ನನ್ನ ಮಾತಿಗೆ ನಕ್ಕಿದ್ರು ಮೇಡಂ. ಚಕ್ಕುಲಿ ಕೊಟ್ಟಿದ್ರು."

ಅವಳನ್ನು ಗದರುವ ಬಾಯಿ ನನಗಿರಲಿಲ್ಲ. ಆ ಮೂವರನ್ನು ಗದರೋಣವೆಂದರೆ ಅವರು ಅವಳಿಗೆ ಏನೂ ಕೆಟ್ಟದ್ದು ಮಾಡಿರಲಿಲ್ಲ, ಗೆಳೆತನವನ್ನೇ ಕೊಟ್ಟಿದ್ದರು. ರೋಗಿಗಾಗಿ ಬಾಯಿ ಬಿಡಿ ಎಂದು ಹೇಳಿಕೊಟ್ಟ ನನಗೆ, ಅವಳು ಅಲ್ಲಿ ಬಾಯಿ ಬಿಟ್ಟರೆ ತನ್ನ ಮನೆಯ ಬಾಗಿಲನ್ನೇ ತೆರೆದು ತೋರಿಸಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅದಕ್ಕೊಂದು ಉಪಾಯ ನನ್ನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಶಿಕಾರಿಪುರದ ಬಸ್ಸು ಬಂತು, ನಾನು ಹತ್ತಿದೆ.

ಆ ವಾರದಲ್ಲೇ ಒಂದು ದಿನ ಅವಳು ಒಬ್ಬಳೇ ಅಲ್ಲಿಗೆ ಹೋದಳು, ನನಗೂ ಹೇಳದೆ. ಕಟ್ಟೆಯ ಮೇಲೆ ಕೂತು ತಾನು ಯಾರ ಮಗಳು, ಯಾವ ಕೇರಿಯವಳು ಎಂದು ಅವರಿಗೆ ಹೇಳಿದಳಂತೆ. ನಾನಾದರೂ ಹಾಗೆ ಯಾಕೆ ಬೇಡ ಅಂತೀನಿ ಅಣ್ಣಾ, ನಿಮ್ಮ ಕಾಲಿಗಾಗಿಯೇ ಅಂದದ್ದು, ನಂಬಿ ಎಂದಳಂತೆ. ಅವರು ತಿರುಗಿ ಕೇಳಿದರಂತೆ:

"ಹಂಗಾದ್ರೆ ನಿಂಗೆ ಗೊತ್ತಿದ್ದೂ ಅವ್ರ ಜೊತಿಗೆ ಹಂಗಂದ್ಯಾ ಮಗಾ?"

ಕಾಲೇಜಿಗೆ ಬಂದು ಇದನ್ನು ನನಗೆ ಹೇಳುವಾಗ ಅವಳು ಅತ್ತಳು. ಡಾಕ್ಟರು ಗದರಿದಾಗ ಅಳದೆ ನಿಲ್ಲುವುದನ್ನು ನನ್ನಿಂದಲೇ ಕಲಿತವಳು. ನಾನು ಸ್ಟಾಫ್ ರೂಮಿನ ಬಾಗಿಲು ಹಾಕಿ ಅವಳ ಪಕ್ಕದಲ್ಲಿ ಕೂತೆ.

ಮುಂದಿನದನ್ನು ಹೇಳಲು ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಅವರ ಕಾಲಿನ ಬಾವು ಇಳಿಯತೊಡಗಿತು. ತೂಕ ಇಳಿಯಿತು. ಉಸಿರು ಹಗುರಾಯಿತು. ಬಂದವರ ಲೆಕ್ಕ ಎಂಬುದೇ ಇಲ್ಲವಾದ ಮೇಲೆ ಚೊಂಬಿನ ಲೆಕ್ಕ ಸರಿಹೋಯಿತು. ನಾಲ್ವರೂ ದೊಡ್ಡ ಸಭಾಂಗಣದಲ್ಲಿ ಪರದೆಯ ಮೇಲೆ ಚಿತ್ರ ಹಾಕಿ ತೋರಿಸಿದರು. ಮೊದಲಿನ ಕಾಲು, ಈಗಿನ ಕಾಲು. ಬೇರೆ ಬೇರೆ ವಿಭಾಗದ ವಿದ್ಯಾರ್ಥಿಗಳು ಒಂದೇ ದನಿಯಲ್ಲಿ ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಉದಾಹರಣೆ ಎಂದು ವೇದಿಕೆಯಲ್ಲಿದ್ದವರು ಹೊಗಳಿದರು, ನನಗೂ ಒಂದು ಶಾಲು ಹೊದಿಸಿದರು. ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ನಾನು ಎದ್ದು ನಿಂತು ಆದದ್ದನ್ನು ಹೇಳಬಹುದಿತ್ತು. ವೇದಿಕೆಯ ಅಂಚಿನಲ್ಲಿ ನಿಂತಿದ್ದ ನಮ್ಮ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಹೇಳಿದರೆ ಅವಳ ಮಾತನ್ನೂ ಹೇಳಬೇಕಾಗುತ್ತಿತ್ತು. ಅವಳು ಬೇಡ ಎಂಬಂತೆ ಸ್ವಲ್ಪವೇ ತಲೆಯಾಡಿಸಿದಳು, ನಾನು ಕೂತೇ ಇದ್ದೆ.

ಮಳೆಗಾಲ ಶುರುವಾಗುವ ಮುಂಚೆ ನಾನೊಬ್ಬಳೇ ಒಮ್ಮೆ ಆ ಊರಿಗೆ ಹೋದೆ. ಹೋಗುವಾಗಲೇ ಗಟ್ಟಿ ಮಾಡಿಕೊಂಡಿದ್ದೆ, ಏನಾದರೂ ಆಗಲಿ, ಇವತ್ತು ನಾನೇ ಕೇಳಿ ಕುಡಿಯಬೇಕು, ಆ ಹುಡುಗಿ ಕೇಳಿದ ಹಾಗೆ. ಬೆಳಿಗ್ಗೆ ಮನೆಯಲ್ಲಿ ಒಂದು ತೊಟ್ಟು ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದ್ದೆ. ಅವರು ಬಾಗಿಲಲ್ಲಿಯೇ ಇದ್ದರು. ತೆಳ್ಳಗಾಗಿದ್ದರು, ಕಾಲು ಕಾಲಿನ ಹಾಗೆ ಕಾಣುತ್ತಿತ್ತು. ಒಳಗೆ ಕರೆದು ಕೂರಿಸಿದರು. ಗೂಡಿನಲ್ಲಿ ಲೋಟಗಳು ಬೋರಲಾಗಿದ್ದವು.

"ನಿದ್ದೆ ಹೆಂಗೆ ಈಗ?" ಎಂದು ಕೇಳಿದೆ.

"ಮಲಗ್ತೀನಿ ಮೇಡಂ. ಬೆನ್ನು ಹಚ್ಚಿ ಮಲಗ್ತೀನಿ. ನಿಮ್ಮ ಮಕ್ಳ ಪುಣ್ಯ."

ನಾನು ಚಹಾ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಾಗಿಲ ಬಳಿಗೆ ಬಂದು, ಏನು ಮಾಡಲಿ ಎಂಬಂತೆ ಗಂಡನ ಮುಖ ನೋಡಿದರು. ಅವರು ನನಗೆ ಮುಜುಗರವಾಗಬಾರದೆಂದು ನಗುತ್ತಾ ಕೈಯೆತ್ತಿದರು.

"ಒಲೆ ಹಚ್ಚಬ್ಯಾಡ ಮಾರಾಯ್ತಿ. ಮೇಡಂ ಈಗಷ್ಟೇ ಕುಡಿದು ಬಂದಿರ್ತಾರೆ."